ದೀಪಾಲಿಯ ಪ್ರಶ್ನೆ, ಭರತನ ಬಾಯಿ

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ಶುರುವಾದ ವರ್ಷ ಮನಿಷಾ ಹುಣಸೀತೋಟದ ಸರಕಾರಿ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದಳು. ಅಥಣಿಯಿಂದ ಅನಂತಪುರದ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಅಲ್ಲಿ ಪಡ ಎನ್ನುವ ದ್ರಾಕ್ಷಿ ತೋಟಗಳ ನಡುವೆ ಮೂರು ಕಿಲೋಮೀಟರು ಹೋದರೆ ಆ ಶಾಲೆ. ಏಳನೆಯ ತರಗತಿಯವರೆಗೆ ಎಂಬತ್ತೆರಡು ಮಕ್ಕಳು, ನಾಲ್ಕು ಜನ ಶಿಕ್ಷಕರು. ಅರ್ಧ ಮಕ್ಕಳು ದ್ರಾಕ್ಷಿ, ಕಬ್ಬಿನ ಹೊಲ ಇದ್ದವರ ಮನೆಯವರು. ಉಳಿದವರು ತುಂಡು ಹೊಲದ ಜೊತೆಗೆ ಕುರಿ ಮೇಯಿಸುವವರ ಮಕ್ಕಳು.

ಎರಡು ವರ್ಷ ಮನೆಯಲ್ಲಿ ಕೂತು ಬಂದಿದ್ದ ಮಕ್ಕಳು ತರಗತಿಯಲ್ಲಿ ಬಾಯಿಯನ್ನೇ ತೆಗೆಯುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದರೆ ಹೇಳುವರು, ಬಾರದಿದ್ದರೆ ತಲೆ ತಗ್ಗಿಸುವರು. ಮನಿಷಾಗೆ ಇದನ್ನು ಸಹಿಸಲಾಗಲಿಲ್ಲ. ಆ ಬೇಸಿಗೆಯಲ್ಲಿ ಆಕೆ ಐದು ದಿನದ ಒಂದು ತರಬೇತಿಗೆ ಹೋಗಿದ್ದಳು. ಮಕ್ಕಳು ತಾವೇ ಪ್ರಶ್ನೆ ಕೇಳಿ, ತಾವೇ ನೋಡಿ, ತಾವೇ ಉತ್ತರ ಹುಡುಕಬೇಕು ಎಂದು ಅಲ್ಲಿ ಹೇಳಿದ್ದರು. ಬೇರೆಯವರು ಫೋನು ನೋಡುತ್ತ ಕೂತಿದ್ದಾಗ ಮನಿಷಾ ಮಾತ್ರ ಅದನ್ನೆಲ್ಲ ಮನಸ್ಸಿಟ್ಟು ಕೇಳಿ ಬರೆದುಕೊಂಡಿದ್ದಳು. ಬೂಟಿನ ಖಾಲಿ ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ, ಮೇಲೆ ಸೀಳು ಕೊರೆದು, ಏಳನೆಯ ತರಗತಿಯ ಕಿಟಕಿಯಲ್ಲಿ ಇಟ್ಟಳು. ‘ಏನ ಅನಸ್ತೈತಿ ಅದನ್ನ ಬರದ ಹಾಕ್ರಿ. ತಪ್ಪ ಪ್ರಶ್ನೆ ಅನ್ನೂದು ಇಲ್ಲ. ಯಾರಿಗೂ ಬಯ್ಯೂದಿಲ್ಲ’ ಎಂದಳು.

ಹೆಡ್ ಮಾಸ್ತರ ನೇಮಿನಾಥ ಸರ್ ನಿವೃತ್ತಿಗೆ ಒಂದೇ ವರ್ಷ ಉಳಿದವರು. ಡಬ್ಬಿಯನ್ನು ಎತ್ತಿ ಅಲ್ಲಾಡಿಸಿ ನೋಡಿ, ‘ಪ್ರಶ್ನೆ ಕೇಳಾಕ ಕಲಸ್ತೀರಿ, ಚಲೋ ಆತು. ಕೇಳಿದ ಮ್ಯಾಲ ಆ ಹುಡುಗರನ್ನ ಏನ ಮಾಡ್ತೀರಿ?’ ಎಂದರು. ಮುದುಕರ ಕೊಂಕು ಎಂದುಕೊಂಡು ಮನಿಷಾ ನಕ್ಕು ಡಬ್ಬಿಯನ್ನು ಮತ್ತೆ ಕಿಟಕಿಯಲ್ಲಿ ಇಟ್ಟಳು.

ಮೊದಲ ವಾರ ನಾಲ್ಕು ಚೀಟಿ ಬಿದ್ದವು. ಅದರಲ್ಲಿ ಮೂರು ಬಿಸಿಯೂಟದ ಸಾಂಬಾರಿನ ಬಗ್ಗೆ ಇದ್ದವು. ಎರಡನೆಯ ವಾರ ಹನ್ನೊಂದು. ಜುಲೈ ಕೊನೆಗೆ ದಿನಾ ಚೀಟಿ ತೆಗೆಯಬೇಕಾಯಿತು. ಪಡಕ್ಕೆ ಔಷಧ ಹೊಡೆದ ದಿನ ಬಾಯಿ ಯಾಕೆ ಕಹಿಯಾಗುತ್ತದೆ, ಕಬ್ಬಿನ ಸುಳಿ ಯಾಕೆ ಸಿಹಿ ಇಲ್ಲ, ಹಲ್ಲಿಯ ತುಂಡಾದ ಬಾಲ ಯಾಕೆ ಕುಣಿಯುತ್ತದೆ. ಮಕ್ಕಳು ಒಬ್ಬರ ಪ್ರಶ್ನೆಗೆ ಒಬ್ಬರು ಮುಗಿಬಿದ್ದು ಉತ್ತರ ಹೇಳತೊಡಗಿದರು. ಮನಿಷಾ ಸಂಜೆ ಸ್ಕೂಟಿಯಲ್ಲಿ ಅಥಣಿಗೆ ಮರಳುವಾಗ ಹಾಡು ಗುನುಗುತ್ತ ಹೋಗುತ್ತಿದ್ದ ದಿನಗಳು ಅವು.

ಒಂದು ದಿನ ಡಬ್ಬಿಯಲ್ಲಿ ಹೀಗೊಂದು ಚೀಟಿ ಸಿಕ್ಕಿತು: ‘ಉನ್ನ್ಯಾಗ ಮೆಂಡ್ರ ಯಾಕ ತಲಿಗಿ ತಲಿ ಕೂಡಸ್ತಾವು. ಆಡ ಯಾಕ ನಾಹಿ.’

ಅರ್ಧ ಕನ್ನಡ, ಅರ್ಧ ಮರಾಠಿ. ಬರೆದವಳು ದೀಪಾಲಿ. ಕುರಿ ಕಾಯುವ ಮಾಳು ಎಂಬವನ ಮಗಳು. ಮನೆಯಲ್ಲಿ ಅವರಾಡುವುದು ಎರಡೂ ಕೂಡಿದ ಮಾತು. ಗಡಿಯ ಆಚೆ ಈಚೆ ಕುರಿ ಹೊಡೆದುಕೊಂಡು ಬಾಳಿದ ಮಂದಿ. ಮನಿಷಾ ರಾಯಬಾಗದವಳು. ಅವಳಿಗೆ ಚೀಟಿ ಅರ್ಥವಾಯಿತು. ಆದರೂ ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಗಿ ‘ಉನ್ನ್ಯಾಗ’ ಹೊಡೆದು ‘ಬಿಸಿಲಿನಲ್ಲಿ’ ಎಂದೂ, ‘ಮೆಂಡ್ರ’ ಹೊಡೆದು ‘ಕುರಿಗಳು’ ಎಂದೂ ತಿದ್ದಿತು. ತಿದ್ದಿದ ಮೇಲೆ ಓದಿ ಹೇಳಿದಳು: ಬಿಸಿಲಿನಲ್ಲಿ ಕುರಿಗಳು ಯಾಕೆ ತಲೆಗೆ ತಲೆ ಕೂಡಿಸುತ್ತವೆ, ಆಡು ಯಾಕೆ ಹಾಗೆ ಮಾಡುವುದಿಲ್ಲ?

ತರಗತಿಯಲ್ಲಿ ಗದ್ದಲವಾಯಿತು. ‘ಅಂಜಿಕಿಗಿ ನಿಲ್ತಾವ್ರಿ.’ ‘ನೆರಳಿಗ್ರಿ.’ ‘ಕುರಿಗಿ ಬುದ್ಧಿ ಇಲ್ರಿ, ಅದಕ್ಕ.’ ಕೊನೆಯ ಬೆಂಚಿನಿಂದ ದೀಪಾಲಿ ಎದ್ದು ನಿಂತಳು. ತೆಳ್ಳಗಿನ, ಎರಡು ಜಡೆಯ ಹುಡುಗಿ. ‘ನೆರಳಿಗಂದ್ರ ಗಿಡದ ಬುಡಕ ಹೋಗಬೇಕಲ್ರಿ? ಗಿಡ ಅಲ್ಲೇ ಇರ್ತೈತಿ. ಆಡು ಹೋಗಿ ಗಿಡದ ಕೆಳಗ ನಿಲ್ತಾವು. ಇವು ಮಾತ್ರ ಬಿಸಲಾಗ ನಿಂತು ತಲಿ ಒಳಗ ಹಾಕ್ತಾವು. ಮತ್ತ ಜಾಸ್ತಿ ಸೆಕಿ ಆಗೂದಿಲ್ಲೇನ್ರಿ?’

‘ನನಗೂ ಗೊತ್ತಿಲ್ಲ ದೀಪಾಲಿ’ ಎಂದಳು ಮನಿಷಾ. ಹಾಗೆ ಹೇಳಿದ್ದು ಅವಳಿಗೇ ಹಿಗ್ಗೆನಿಸಿತು. ‘ನೀನ ನೋಡಿ ತಿಳಕೊಂಡು ನಮಗ ಹೇಳ್ತಿ ಏನು?’

ದಸರಾ ರಜೆಗೆ ಎರಡು ದಿನ ಮೊದಲು ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಉಷ್ಣಮಾಪಕ ತೆಗೆದು, ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು. ಜೊತೆಗೆ ಬರೆಯಲು ಹೊಸದೊಂದು ವಹಿ. ದಿನಾಂಕ, ಹೊತ್ತು, ಬಿಸಿಲಿನ ಶಾಖ, ಹಿಂಡಿನ ನಡುವಿನ ಶಾಖ. ನಾಲ್ಕು ಕಾಲಂ ಗೆರೆ ಎಳೆದು ತೋರಿಸಿದಳು.

ರಜೆಯಲ್ಲಿ ಒಂದು ಮಧ್ಯಾಹ್ನ ಮನಿಷಾ ತಾನೇ ನೋಡಲು ಹೋದಳು. ಕೊಯ್ಲು ಮುಗಿದ ಹೆಸರುಕಾಳಿನ ಹೊಲದಲ್ಲಿ ಮಾಳುವಿನ ಅರವತ್ತು ಕುರಿ ನಾಲ್ಕೈದು ಗುಂಪಾಗಿ ನಿಂತಿದ್ದವು. ಒಂದರ ತಲೆ ಇನ್ನೊಂದರ ಹೊಟ್ಟೆಯ ಕೆಳಗೆ. ಹೊರಗಿನಿಂದ ಬರೀ ಬೆನ್ನುಗಳು ಕಾಣುತ್ತಿದ್ದವು. ದೀಪಾಲಿ ಅವುಗಳ ನಡುವೆ ಸೊಂಟದವರೆಗೆ ಮುಳುಗಿದಂತೆ ನಿಂತು, ಉಷ್ಣಮಾಪಕವನ್ನು ಕೋಲಿನ ತುದಿಗೆ ಕಟ್ಟಿ ಒಳಗೆ ಇಳಿಬಿಟ್ಟಿದ್ದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಅವಳ ಅಜ್ಜಿ ಕೆಂಚವ್ವ ಬನ್ನಿ ಗಿಡದ ಕೆಳಗೆ ಕೂತು ನೋಡುತ್ತಿದ್ದಳು.

‘ಬರ್ರಿ ಅಕ್ಕೋರ, ಕುಂದರ್ರಿ. ಏನ ಹುಚ್ಚ ಹಿಡಿಸೀರಿ ನಮ್ಮ ಹುಡಿಗಿಗಿ? ಉಣ್ಣಾಕ ಕರದ್ರ ಬರೂದಿಲ್ಲ. ನಾನು ಹುಟ್ಟಿದಾಗಿಂದ ಕುರಿ ಬೆನ್ನ ಹತ್ತೀನಿ, ಇದನ್ನ ಯಾಕಂತ ಯಾರೂ ಕೇಳಿದ್ದಿಲ್ಲ ನೋಡ್ರಿ.’ ಬೈಗುಳದಂತಿದ್ದ ಆ ಮಾತಿನಲ್ಲಿ ಹೆಮ್ಮೆ ತುಂಬಿತ್ತು.

ದೀಪಾಲಿ ಓಡಿ ಬಂದಳು. ‘ಟೀಚರ, ಹೊರಗ ಮೂವತ್ನಾಕು ಐತ್ರಿ, ನಡಬರಕ ಮೂವತ್ತೇಳು! ತಂಪಿಗಿ ಅಲ್ರಿ ಅವು ನಿಲ್ಲೂದು.’ ಆಮೇಲೆ ಸದ್ದು ತಗ್ಗಿಸಿ, ಗುಟ್ಟು ಹೇಳುವವಳಂತೆ, ‘ಮೊನ್ನಿ ಮಾಡ ಮುಸಕಿತ್ತು, ಬಿಸಲ ಇದ್ದಿಲ್ಲ. ಆದ್ರೂ ನಿಂತಿದ್ದೂರಿ. ಅವತ್ತ ನೊಣ ಭಾಳ ಇದ್ದೂ. ಮೂಗಿನ ಹತ್ರ ಬಂದು ಗುಯ್ ಅಂತಾವಲ್ರಿ, ಆ ನೊಣ. ಮೂಗ ಮುಚಗೊಳ್ಳಾಕ ಹಂಗ ಮಾಡ್ತಾವೇನೋ ಅನಸ್ತೈತ್ರಿ’ ಎಂದಳು.

ಹದಿನಾರು ವರ್ಷದ ನೌಕರಿಯಲ್ಲಿ ಒಂದು ಮಗು ಕಣ್ಣೆದುರಿಗೆ ಹೀಗೆ ಯೋಚಿಸುವುದನ್ನು ಮನಿಷಾ ಕಂಡಿರಲಿಲ್ಲ.

ನವೆಂಬರಿನಲ್ಲಿ ತಾಲೂಕು ಮಟ್ಟದ ಮಕ್ಕಳ ವಿಜ್ಞಾನ ಮೇಳದ ಸುತ್ತೋಲೆ ಬಂತು. ಶಾಲೆಗೆ ಒಂದೇ ಪ್ರಯೋಗ, ಮಾತಾಡುವವರು ಒಬ್ಬರು, ಐದು ನಿಮಿಷ. ಯಾವುದನ್ನು ಕಳಿಸಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ದೀಪಾಲಿಯನ್ನು ನಿಲ್ಲಿಸಿ ತಾಲೀಮು ಶುರುಮಾಡಿದಳು.

ಕಷ್ಟ ಅಲ್ಲಿಯೇ ಬಂತು. ಹೊಲದಲ್ಲಿ ಪಟಪಟ ಮಾತಾಡುತ್ತಿದ್ದ ಹುಡುಗಿ, ‘ಗೌರವಾನ್ವಿತ ನಿರ್ಣಾಯಕರೇ’ ಎಂದು ಶುರುಮಾಡಲು ಹೇಳಿದ ಕೂಡಲೇ ಒಣಗಿ ನಿಲ್ಲುತ್ತಿದ್ದಳು. ‘ಉಷ್ಣಾಂಶ’ ಎನ್ನುವಲ್ಲಿ ನಾಲಿಗೆ ತೊಡರುತ್ತಿತ್ತು. ಒತ್ತಾಯ ಮಾಡಿದರೆ ಮರಾಠಿ ನುಗ್ಗುತ್ತಿತ್ತು, ಹುಡುಗರು ಕಿಸಕ್ಕನೆ ನಗುತ್ತಿದ್ದರು. ಎಂಟು ದಿನ ಹೀಗೇ ನಡೆಯಿತು. ಮೇಳಕ್ಕೆ ಉಳಿದದ್ದು ಐದು ದಿನ. ದೊಡ್ಡ ಶಾಲೆಗಳ ಮಕ್ಕಳು ಮೈಕಿನಲ್ಲಿ ಹೇಗೆ ಮಾತಾಡುತ್ತಾರೆ ಎಂಬುದು ಮನಿಷಾಗೆ ಗೊತ್ತಿತ್ತು.

ಒಂಬತ್ತನೆಯ ದಿನ ಆಕೆ ಭರತನನ್ನು ಕರೆದಳು. ದ್ರಾಕ್ಷಿ ಪಡದ ಅಣ್ಣಾಸಾಬನ ಮಗ. ಸ್ವಾತಂತ್ರ್ಯ ದಿನದ ಭಾಷಣ ಪ್ರತಿ ವರ್ಷ ಅವನದೇ. ಗಂಟಲು ಗಟ್ಟಿ, ಅಕ್ಷರ ಸ್ಪಷ್ಟ. ವಹಿಯಲ್ಲಿದ್ದುದನ್ನು ಶುದ್ಧ ಕನ್ನಡಕ್ಕಿಳಿಸಿ ಮೂರು ಪುಟ ಬರೆದು ಅವನ ಕೈಗಿಟ್ಟಳು. ಭರತ ಓದಿ ತಲೆ ಎತ್ತಿದ.

‘ಇದು ದೀಪಾಲಿದ್ದಲ್ರಿ ಟೀಚರ? ಇದರಾಗ ನಾನು ನೋಡಿದೆ, ನಾನು ಅಳದೆ ಅಂತ ಐತಿ. ನಾ ಎಲ್ಲಿ ನೋಡೀನ್ರಿ?’

‘ಶಾಲಿ ಎಲ್ಲಾರದೂ. ಆಕಿ ಮಾಡಿದ್ದು, ನೀ ಹೇಳೂದು. ಇಬ್ಬರೂ ಕೂಡಿ ಮಾಡಿದಂಗ ಆಗಲಿಲ್ಲೇನು?’

ಭರತ ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ದೀಪಾಲಿಗೂ ಮನಿಷಾ ಅದನ್ನೇ ಹೇಳಿದಳು. ನಿನ್ನ ಪ್ರಶ್ನೆ ಗೆಲ್ಲಬೇಕು, ನೀ ತೊದಲಿದರೆ ನಿನ್ನ ಕೆಲಸಕ್ಕೇ ಅನ್ಯಾಯ, ಜನ ನಕ್ಕರೆ ನಿನಗೇ ನೋವು ಎಂದಳು. ದೀಪಾಲಿ ಸೆರಗಿಲ್ಲದ ಸಮವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ, ‘ಹೂನ್ರಿ’ ಎಂದಳು. ಆ ‘ಹೂನ್ರಿ’ಯನ್ನು ಮನಿಷಾ ಒಪ್ಪಿಗೆ ಎಂದೇ ತಿಳಿದಳು. ನೇಮಿನಾಥ ಸರ್ ಮಾತ್ರ ಅರ್ಜಿಗೆ ಸಹಿ ಹಾಕುವಾಗ ಭರತನ ಹೆಸರು ನೋಡಿ ಪೆನ್ನು ನಿಲ್ಲಿಸಿದರು. ‘ಹುಡಿಗಿನ್ನ ಕೇಳೀರೇನ್ರಿ?’ ‘ಕೇಳೀನ್ರಿ ಸರ್, ಹೂಂ ಅಂದಾಳ.’ ಅವರು ಸಹಿ ಹಾಕಿದರು.

ಮೇಳ ಅಥಣಿಯ ಒಂದು ಸಭಾಂಗಣದಲ್ಲಿತ್ತು. ದೀಪಾಲಿಯೂ ಬಂದಿದ್ದಳು, ಚಾರ್ಟುಗಳನ್ನು ಹಿಡಿಯಲು. ಹೊಸ ರಿಬ್ಬನ್ನು ಕಟ್ಟಿದ್ದಳು. ಅವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಸಹಾಯಕರು ಎಂಬ ಕಾಲಂ ಅರ್ಜಿಯಲ್ಲಿ ಇತ್ತು, ಮನಿಷಾ ಅವಸರದಲ್ಲಿ ತುಂಬಿರಲಿಲ್ಲ.

ಭರತ ಚೆನ್ನಾಗಿ ಮಾತಾಡಿದ. ಸಭೆ ಕಿವಿಗೊಟ್ಟು ಕೇಳಿತು. ‘ನಾನು ಹಿಂಡಿನ ನಡುವೆ ನಿಂತು’ ಎಂದಾಗ ಅವನ ಕಣ್ಣು ಒಮ್ಮೆ ದೀಪಾಲಿಯ ಕಡೆ ಹೋಗಿ ಬಂತು. ಮೂವರು ನಿರ್ಣಾಯಕರಲ್ಲಿ ನಡುವಿನವರು ಕಾಲೇಜಿನ ಪ್ರಾಧ್ಯಾಪಕರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

‘ಭಾಳ ಚಲೋ ನೋಡೀಪಾ. ಒಂದು ಹೇಳು. ಗಾಳಿ ಜೋರ ಬೀಸಿದ ದಿನ ಕುರಿ ಏನ ಮಾಡಿದೂ? ಗಾಳ್ಯಾಗ ನೊಣ ನಿಲ್ಲೂದಿಲ್ಲಲ್ಲ.’

ಮೂರು ಪುಟದಲ್ಲಿ ಗಾಳಿಯ ಮಾತೇ ಇರಲಿಲ್ಲ. ಭರತ ಬಾಯಿ ತೆರೆದು ಮುಚ್ಚಿದ. ಆಗ ಚಾರ್ಟಿನ ಹಿಂದಿನಿಂದ ದೀಪಾಲಿ ಒಂದು ಹೆಜ್ಜೆ ಮುಂದೆ ಬಂದಳು. ಮುಖ ಅರಳಿತ್ತು. ‘ಸರ್, ವಾರಾ ಇದ್ದ ದಿವಸ...’

ವಾರಾ ಎಂದರೆ ಮರಾಠಿಯಲ್ಲಿ ಗಾಳಿ. ಮನಿಷಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಯೋಚನೆಗೆ ಮೊದಲೇ ಅವಳ ಬೆರಳು ತುಟಿಯ ಮೇಲೆ ಹೋಗಿತ್ತು. ಕಣ್ಣು ದೊಡ್ಡದು ಮಾಡಿ, ತಲೆ ಅಡ್ಡ ಆಡಿಸಿದಳು. ಈ ಹುಡುಗಿ ಬಾಯಿ ಬಿಟ್ಟರೆ ಪ್ರಯೋಗ ಮಾಡಿದವರು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತದೆ, ಅಷ್ಟೇ ಆ ಗಳಿಗೆಯಲ್ಲಿ ಆಕೆಗೆ ಹೊಳೆದದ್ದು.

ದೀಪಾಲಿ ಟೀಚರನ್ನು ನೋಡಿದಳು. ಹೆಜ್ಜೆ ಹಿಂದಿಟ್ಟು ಮತ್ತೆ ಚಾರ್ಟು ಹಿಡಿದುಕೊಂಡಳು. ಪ್ರಾಧ್ಯಾಪಕರು ಅವಳ ಕಡೆ ತಿರುಗುವಷ್ಟರಲ್ಲಿ ಗಂಟೆ ಬಾರಿಸಿದರು, ಸಮಯ ಮುಗಿದಿತ್ತು.

ಮೊದಲ ಬಹುಮಾನ ಬಂತು. ಫೋಟೋ ತೆಗೆದರು. ತಿರುಗಿ ಬರುವಾಗ ಟೆಂಪೋದಲ್ಲಿ ಭರತ ಪ್ರಶಸ್ತಿಪತ್ರವನ್ನು ದೀಪಾಲಿಯ ಕಡೆ ಚಾಚಿದ. ‘ನೀ ತಗೋ.’ ಆಕೆ ಓದಿ, ಮಡಚದೆ ಹುಷಾರಾಗಿ ಹಿಂದಕ್ಕೆ ಕೊಟ್ಟಳು. ‘ಇದರಾಗ ನಿನ್ನ ಹೆಸರ ಐತಿ’ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಓದಿ ಹೇಳಿದಂತಿತ್ತು.

ಚಿಕ್ಕೋಡಿಯಲ್ಲಿ ನಡೆದ ಶೈಕ್ಷಣಿಕ ಜಿಲ್ಲಾ ಮಟ್ಟದ ಮೇಳಕ್ಕೆ ದೀಪಾಲಿ ಬರಲಿಲ್ಲ, ಮನೆಯಲ್ಲಿ ಕೆಲಸವಿದೆ ಎಂದಳು. ಅಲ್ಲಿ ಭರತನಿಗೆ ಏನೂ ಸಿಗಲಿಲ್ಲ. ಆದರೆ ಅಷ್ಟರಲ್ಲಿ ಹುಣಸೀತೋಟದ ಶಾಲೆಗೆ ಹೆಸರು ಬಂದಿತ್ತು. ಪ್ರಶ್ನೆ ಕೇಳುವ ಶಾಲೆ ಎಂದು ಅಧಿಕಾರಿಗಳು, ಬೇರೆ ಶಾಲೆಯ ಶಿಕ್ಷಕರು ನೋಡಲು ಬಂದರು. ಬರುವವರಿದ್ದಾರೆ ಎಂದು ತಿಳಿದಾಗಲೆಲ್ಲ ಮನಿಷಾ ಹಿಂದಿನ ದಿನವೇ ಒಳ್ಳೆಯ ಎಂಟು ಪ್ರಶ್ನೆ ಆರಿಸಿ, ಎಂಟು ಮಕ್ಕಳಿಗೆ ಹಂಚಿ, ಬಾಯಿಪಾಠ ಮಾಡಿಸುತ್ತಿದ್ದಳು. ಮಕ್ಕಳು ಕೈ ಎತ್ತಿ ಕೇಳುವರು, ಬಂದವರು ಚಪ್ಪಾಳೆ ತಟ್ಟಿ ವೀಡಿಯೊ ಮಾಡುವರು. ಡಬ್ಬಿಯಲ್ಲಿ ಬೀಳುವ ಚೀಟಿ ಮಾತ್ರ ಕಡಿಮೆಯಾಗುತ್ತ ಹೋಯಿತು. ದೀಪಾಲಿಯದಂತೂ ಒಂದೂ ಬರಲಿಲ್ಲ. ಆ ಹುಡುಗಿ ಕೊನೆಯ ಬೆಂಚಿನಿಂದ ಎರಡನೆಯ ಬೆಂಚಿಗೆ ಬಂದಿದ್ದಳು. ಅಕ್ಷರ ದುಂಡಗಾಗಿತ್ತು. ಬೋರ್ಡಿನ ಮೇಲಿನದನ್ನು ಒಂದು ಚುಕ್ಕೆ ಬಿಡದೆ ಇಳಿಸಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಮರಾಠಿ ಬೆರೆಯುವುದು ಸಹ ನಿಂತಿತ್ತು. ಮನಿಷಾ ಇದನ್ನೆಲ್ಲ ಸುಧಾರಣೆ ಎಂದೇ ದಾಖಲೆಯಲ್ಲಿ ಬರೆದಳು.

ಒಮ್ಮೆ ಮಾತ್ರ ತಡೆಯಲಾರದೆ ಕೇಳಿದ್ದಳು. ‘ಈಗೇನೂ ಕೇಳೂದಿಲ್ಲಲ್ಲ ದೀಪಾಲಿ?’

‘ಪುಸ್ತಕದಾಗ ಎಲ್ಲಾ ಐತ್ರಿ ಟೀಚರ’ ಎಂದಳು ಹುಡುಗಿ.

ಏಳನೆಯದು ಮುಗಿಸಿ ಆಕೆ ದೊಡ್ಡ ಊರಿನ ಹೈಸ್ಕೂಲಿಗೆ ಹೋದಳು. ನೇಮಿನಾಥ ಸರ್ ನಿವೃತ್ತರಾದರು. ಮೂರು ವರ್ಷ ಕಳೆದವು. ಎಸ್ಸೆಸ್ಸೆಲ್ಸಿಯಲ್ಲಿ ದೀಪಾಲಿಗೆ ನೂರಕ್ಕೆ ತೊಂಬತ್ತೆರಡು ಬಂತು. ಕುರಿಗಾರರ ಮನೆಯ ಹುಡುಗಿ ಇಷ್ಟು ತೆಗೆದದ್ದು ಆ ಸುತ್ತಿನಲ್ಲಿ ಇದೇ ಮೊದಲು. ಹಳೆಯ ಶಾಲೆಯಲ್ಲಿ ಅವಳಿಗೆ ಸತ್ಕಾರ ಇಟ್ಟುಕೊಂಡರು. ಮಾಳು ತಲೆಗೆ ಹೊಸ ಪಟಕ ಸುತ್ತಿಕೊಂಡು ಬಂದಿದ್ದ. ದೀಪಾಲಿ ಮೈಕಿನ ಮುಂದೆ ನಿಂತು, ‘ಗೌರವಾನ್ವಿತ ಗುರುಹಿರಿಯರೇ’ ಎಂದು ಶುರುಮಾಡಿ ಎಲ್ಲೂ ತಡವರಿಸದೆ ಮಾತಾಡಿದಳು. ಮನಿಷಾ ಟೀಚರ ಮಾರ್ಗದರ್ಶನವೇ ತನ್ನ ಸಾಧನೆಗೆ ಕಾರಣ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಚ್ಚುಕಟ್ಟಾದ ಆ ಭಾಷಣ ಕೇಳುತ್ತ ಮನಿಷಾ ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಕೈಗಳನ್ನೇ ನೋಡುತ್ತ ಕೂತಳು.

ಊಟದ ನಂತರ ಆಕೆ ದೀಪಾಲಿಯನ್ನು ಖಾಲಿ ತರಗತಿಗೆ ಕರೆದೊಯ್ದಳು.

‘ದೀಪಾಲಿ, ಅವತ್ತ ಅಥಣ್ಯಾಗ ನಾ ತಪ್ಪ ಮಾಡಿದೆ. ನಿನ್ನ ಕೆಲಸಾನ ಇನ್ನೊಬ್ಬರ ಹೆಸರಿಗಿ ಕೊಟ್ಟೆ. ನೀ ಹೇಳಾಕ ಬಂದಾಗ ಸುಮ್ಮ ಕುಂದರ್ಸಿದೆ. ಇಷ್ಟ ದಿನಾ ಹೇಳಬೇಕಂತಿದ್ದೆ, ಧೈರ್ಯ ಆಗಲಿಲ್ಲ.’

ದೀಪಾಲಿ ಗಾಬರಿಯಾದಳು. ದೊಡ್ಡವರು ತನ್ನೆದುರು ಹೀಗೆ ನಿಂತದ್ದು ಅವಳಿಗೆ ಕಸಿವಿಸಿ. ‘ಅಯ್ಯ, ಬಿಡ್ರಿ ಟೀಚರ. ಸಣ್ಣಾಕಿದ್ನಿ ನಾ. ನನಗ ಆಗ ಮಾತಾಡಾಕರ ಎಲ್ಲಿ ಬರ್ತಿತ್ತು?’

‘ಆ ಸರ್ ಗಾಳಿ ಬಗ್ಗೆ ಕೇಳಿದ್ರಲ್ಲ. ನೀ ಏನ ಹೇಳಾಕ ಹೊಂಟಿದ್ದಿ?’

ಹುಡುಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಮುಚ್ಚಿಡುತ್ತಿರಲಿಲ್ಲ. ‘ನೆನಪಿಲ್ರಿ’ ಎಂದಳು. ‘ಅದನ್ನೆಲ್ಲಾ ಮರತಬಿಟ್ಟೀನ್ರಿ ನಾ.’

‘ಮುಂದ ಸೈನ್ಸ್ ತಗೋತಿ?’

‘ಇಲ್ರಿ, ಕಾಮರ್ಸ್. ಅದರಾಗ ನೋಟ್ಸ ಸಿಗತಾವಂತ್ರಿ, ಓದಿದ್ರ ಮಾರ್ಕ್ಸ್ ಬರ್ತಾವು. ಸೈನ್ಸಿನ್ಯಾಗ ಭಾಳ ಕೇಳ್ತಾರಂತ.’ ಅಪ್ಪ ಹೊರಗೆ ಕರೆದ. ಆಕೆ ಬಗ್ಗಿ ಮನಿಷಾಳ ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಅಂದು ಸಂಜೆ ಮನಿಷಾ ಕಪಾಟಿನ ತಳದಿಂದ ಹಳೆಯ ವಹಿ ಹುಡುಕಿ ತೆಗೆದಳು. ಹದಿನೇಳು ದಿನದ ಅಂಕಿಗಳು. ಐದಾರು ಪುಟಗಳ ಅಂಚಿನಲ್ಲಿ ಸಣ್ಣ ಸಣ್ಣ ಓರೆ ಗೆರೆಗಳಿದ್ದವು. ಮೂರು ಪುಟದ ಶುದ್ಧ ಪ್ರತಿ ಮಾಡುವಾಗ ಅವನ್ನು ಗೀಚು ಎಂದುಕೊಂಡು ಬಿಟ್ಟಿದ್ದಳು. ಈಗ ನಿಧಾನವಾಗಿ ನೋಡಿದಳು. ಗೆರೆ ಹೆಚ್ಚಿದ್ದ ದಿನಗಳಲ್ಲಿ ಹಿಂಡಿನ ನಡುವಿನ ಶಾಖದ ಕಾಲಂ ಖಾಲಿ ಇತ್ತು, ಹಿಂಡು ಬಿಡಿಬಿಡಿಯಾಗಿ ಮೇದಿತ್ತು. ಗೆರೆ ಇಲ್ಲದ ದಿನ ಗುಂಪುಗೂಡಿತ್ತು. ಒಂದು ಪುಟದ ಮೂಲೆಯಲ್ಲಿ, ಅಕ್ಷರ ತಪ್ಪಿ, ‘ವಾರಾ ಬಂದರ ನೊಣ ಗೇಲಿ, ಮೆಂಡ್ರ ಸುಟಲಿ’ ಎಂದಿತ್ತು. ಗಾಳಿ ಬಂದರೆ ನೊಣ ಹೋದವು, ಕುರಿ ಬಿಡಿಯಾದವು. ಓರೆ ಗೆರೆ ಅಂದರೆ ಗಾಳಿ. ಪ್ರಾಧ್ಯಾಪಕರು ಕೇಳಿದ್ದು ಇದನ್ನೇ. ಹನ್ನೆರಡು ವರ್ಷದ ಹುಡುಗಿ ಅವರಿಗಿಂತ ಮೊದಲೇ ತನಗೆ ತಾನೇ ಅದನ್ನು ಕೇಳಿಕೊಂಡು, ಉತ್ತರವನ್ನೂ ಬರೆದಿಟ್ಟಿದ್ದಳು. ಭಾಷೆ ತಿದ್ದುವ ಅವಸರದಲ್ಲಿ ಮನಿಷಾ ಅದನ್ನು ಓದಿಯೇ ಇರಲಿಲ್ಲ.

ಆಕೆ ಮೇಳ ನಡೆಸಿದವರಿಗೆ ಒಂದು ಪತ್ರ ಬರೆದಳು. ಪ್ರಯೋಗ ಮಾಡಿದವಳು ದೀಪಾಲಿ, ತಪ್ಪು ತನ್ನದು, ದಾಖಲೆ ತಿದ್ದಬೇಕು ಎಂದು. ಹದಿನೈದು ದಿನದ ಮೇಲೆ ಯಾರೋ ಫೋನು ಮಾಡಿದರು. ‘ಮೇಡಂ, ಇಷ್ಟ ವರ್ಷ ಆದ ಮ್ಯಾಲ ಯಾಕ್ರಿ ಇದು? ಆ ಫೈಲ ಈಗ ಸಿಗೂದೂ ಇಲ್ಲ’ ಎಂದು ಸಮಾಧಾನದಿಂದಲೇ ಹೇಳಿ ಇಟ್ಟರು. ಭರತನಿಗೂ ಹೇಳಿದಳು. ಅವನು ಆಗಲೇ ಮೀಸೆ ಮೂಡುತ್ತಿದ್ದ ಹುಡುಗ. ‘ನಾ ಅವತ್ತ ಹೇಳಿದ್ನಿ ಟೀಚರ’ ಎಂದಷ್ಟೇ ಅಂದ.

ಪತ್ರದ ನಕಲು ತೆಗೆದುಕೊಂಡು ಒಂದು ರವಿವಾರ ಮಾಳುವಿನ ಮನೆಗೆ ಹೋದಳು. ದೀಪಾಲಿ ಚಿಕ್ಕೋಡಿಯ ಹಾಸ್ಟೆಲ್ಲಿಗೆ ಸೇರಿಯಾಗಿತ್ತು, ಮಾಳು ಹಿಂಡಿನ ಜೊತೆ ಹೊರಗಿದ್ದ. ಮನೆಯಲ್ಲಿ ಕೆಂಚವ್ವ ಒಬ್ಬಳೇ. ಕಾಗದ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿ, ‘ಏನೈತ್ರಿ ಇದರಾಗ? ನನಗ ಓದಾಕ ಬರೂದಿಲ್ಲ’ ಎಂದಳು.

ಮನಿಷಾ ಓದಿ ಹೇಳಿದಳು. ಪೂರ್ತಿ, ತನ್ನ ತಪ್ಪಿನ ಸಾಲನ್ನೂ ಬಿಡದೆ. ಮುದುಕಿ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು.

‘ಅವತ್ತ ಅಥಣಿಯಿಂದ ಬಂದು ಹುಡಿಗಿ ಉಣಲಿಲ್ರಿ ಅಕ್ಕೋರ’ ಎಂದಳು. ‘ಏನಾತಂತ ಕೇಳಿದ್ರ ಹೇಳಲಿಲ್ಲ. ಟೆಂಪೋದಾಗ ಹೊಟ್ಟಿ ತೊಳಸಿರಬೇಕಂತ ನಾ ತಿಳಕೊಂಡ್ನಿ. ಇದನ್ನ ಆಗ ಬರದ ಕೊಟ್ಟಿದ್ರ ಚಲೋ ಇತ್ತು ನೋಡ್ರಿ.’

ಆಮೇಲೆ ಆಕೆ ಎದ್ದು, ಬಂದವರಿಗೆ ಚಹಾ ಇಡಲು ಒಳಗೆ ಹೋದಳು. ಮನಿಷಾ ಕಟ್ಟೆಯ ಮೇಲೆ ಕೂತೇ ಇದ್ದಳು. ಬೇಡ ಎಂದು ಹೇಳಿ ಎದ್ದು ಹೋಗಲೂ ಅವಳಿಗೆ ಮನಸ್ಸಾಗಲಿಲ್ಲ.